ಮುಂಜಾನೆ ಮಾತ್ರ ಬೀಳುವ ಜಲಪಾತ

ಜಲಪಾತಕ್ಕೆ ಟೈಮಿಂಗ್ ಇರುತ್ತದೆಯೇ?

ಇರುತ್ತದೆ. ಕಣ್ಣಾರೆ ನೋಡಿ ಬಂದಿದ್ದೇನೆ. ಬ್ಯಾಂಕಿಗೆ, ದವಾಖಾನೆಗೆ, ಮಾಟುಂಗದ ಹೋಟೆಲಿನ ಬನ್ಸಿಗೆ ಇರುವ ಹಾಗೆಯೇ. ತಡವಾಗಿ ಹೋದರೆ ಸಿಗುವುದಿಲ್ಲ.

ಈ ಅಂಕಣ ಓದುವ ನಿಮಗೆ ನನ್ನ ಹುಚ್ಚು ಹೊಸದಲ್ಲ. ಲೋಕಲ್ ರೈಲು ಹಿಡಿದು, ಹೆಚ್ಚೆಂದರೆ ಮೇಲೊಂದು ಆಟೋ ಹತ್ತಿ ತಲುಪಬಹುದಾದ ಜಲಪಾತಗಳನ್ನು ಹುಡುಕುವುದು, ಫೋಟೊ ತೆಗೆಯುವುದು, ಇದೇ ಹುಚ್ಚಿನ ನಮ್ಮ ಗುಂಪಿನ ಮ್ಯಾಪಿನಲ್ಲಿ ಗುರುತು ಹಾಕುವುದು. ಮುಂಬೈಯಲ್ಲಿ ಎಂಥ ಜಲಪಾತ ಎಂದು ಮೂಗು ಮುರಿಯಬೇಡಿ. ಜುಲೈನಲ್ಲಿ ಒಮ್ಮೆ ಬನ್ನಿ. ಇಲ್ಲಿನ ಗುಡ್ಡಗಳ ಪ್ರತಿ ಬಂಡೆಯೂ ಸೋರುತ್ತದೆ. (ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನ ಟೆರೇಸೂ ಸೋರುತ್ತದೆ. ಅದನ್ನು ಮ್ಯಾಪಿಗೆ ಹಾಕಿಲ್ಲ.)

ಗುಂಪಿನ ಹಿರಿಯರು ಜೋಶಿ ಸರ್, ನಿವೃತ್ತ ಇಂಜಿನಿಯರು. ಅವರ ನಿಯಮ ಬಲು ಕಟ್ಟುನಿಟ್ಟು. ಯಾವ ಜಲಪಾತವನ್ನೇ ಆಗಲಿ ಮಳೆಗಾಲದಲ್ಲಿ ಒಮ್ಮೆ, ದೀಪಾವಳಿ ಮುಗಿದ ಮೇಲೆ ಇನ್ನೊಮ್ಮೆ ಹೋಗಿ ನೋಡಬೇಕು. ಒಣಗಿದ್ದರೆ ಮ್ಯಾಪಿನಲ್ಲಿ ಹಳದಿ ಚುಕ್ಕೆ. ಆಗಲೂ ಹರಿಯುತ್ತಿದ್ದರೆ ನೀಲಿ. ನೀಲಿ ಚುಕ್ಕೆಗಳು ಬೆರಳೆಣಿಕೆಯಷ್ಟು. ನನ್ನ ಹೆಸರಿನಲ್ಲಿ ಒಂದೂ ಇರಲಿಲ್ಲ. ಜೋಶಿ ಸರ್ ನನ್ನನ್ನು ತಮಾಷೆಗೆ ‘ಹಳದಿ ಮೇಡಂ’ ಎಂದು ಕರೆಯುವುದುಂಟು. ಎಲ್ಲರ ಮುಂದೆ. ಹೊಟ್ಟೆ ಉರಿಯುವುದಿಲ್ಲವೇ?

ಎತ್ತರ ಅಳೆಯುವುದಕ್ಕೂ ಒಂದು ಪದ್ಧತಿ ಇದೆ. ಉಳಿದವರು ಏನೇನೋ ಆ್ಯಪ್ ಬಳಸುತ್ತಾರೆ. ನಾನು ನನ್ನ ಗಂಡನನ್ನು ಬಳಸುತ್ತೇನೆ. ಶ್ರೀಕಾಂತ್ ನೀರಿನ ಬುಡದಲ್ಲಿ ಛತ್ರಿ ಮಡಚಿಕೊಂಡು ನೆಟ್ಟಗೆ ನಿಲ್ಲುತ್ತಾರೆ, ನಾನು ಫೋಟೊ ತೆಗೆಯುತ್ತೇನೆ. ಮನೆಗೆ ಬಂದು ಲೆಕ್ಕ ಹಾಕಿದರೆ ಆಯಿತು. ಇದು ಮೂರು ಶ್ರೀಕಾಂತ್, ಅದು ಐದೂವರೆ ಶ್ರೀಕಾಂತ್. ಮೂಲತಃ ಧಾರವಾಡದವರು, ಪಾಪ, ಭಾನುವಾರ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ತಿಂದು ಪೇಪರ್ ಓದಬೇಕೆಂದು ಹುಟ್ಟಿದವರು. ಅಳತೆಗೋಲಾಗಿ ಕಾಲ ಕಳೆಯುತ್ತಿದ್ದಾರೆ.

ವಿಷಯಕ್ಕೆ ಬರುತ್ತೇನೆ.

ಪವಾಯಿ ಕಡೆಯ ಒಂದು ಗುಡ್ಡ. (ಯಾವುದು ಎಂದು ಕೇಳಬೇಡಿ. ಪವಾಯಿ ಎನ್ನುವುದೂ ಸುಳ್ಳಿರಬಹುದು.) ಮಳೆಗಾಲದಲ್ಲಿ ಅಲ್ಲೊಂದು ಪುಟ್ಟ ಜಲಪಾತ ಕಂಡಿತ್ತು. ಎರಡು ಶ್ರೀಕಾಂತ್‌ಗಿಂತ ತುಸು ಕಡಿಮೆ. ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಸಂಜೆ ಎರಡನೇ ಸಲ ನೋಡಲು ಹೋದೆವು. ಬಂಡೆ ಬರಿದಾಗಿತ್ತು. ಇನ್ನೊಂದು ಹಳದಿ ಎಂದುಕೊಂಡು ಫೋನು ಹೊರತೆಗೆದೆ. ಆದರೆ ಬಂಡೆಯ ಕೆಳಗಿನ ಪಾಚಿ ಹಸಿರಾಗಿಯೇ ಇತ್ತು. ಮಳೆ ನಿಂತು ಇಷ್ಟು ದಿನವಾದ ಮೇಲೂ?

ಪಕ್ಕದಲ್ಲೇ ಗುಡ್ಡಕ್ಕೆ ಅಂಟಿಕೊಂಡಂತೆ ಕೆಲವು ತಗಡಿನ ಮನೆಗಳಿವೆ. ಹೊರಗೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸನ್ನು ಹಿಂದಿಯಲ್ಲಿ ಕೇಳಿದೆ, ಇಲ್ಲಿ ನೀರು ಬೀಳುವುದಿಲ್ಲವೇ ಎಂದು. ಆಕೆ ಉತ್ತರಿಸುವ ಮೊದಲು ಒಳಗಿದ್ದ ಮಗಳನ್ನು ಗದರಿದಳು: “ಏ, ಆ ಡ್ರಮ್ಮಿನ ಬಾಯಿ ಮುಚ್ಚ, ಸೊಳ್ಳಿ ಹೊಕ್ಕಾವು!”

ಕನ್ನಡ! ನಾನು ಕನ್ನಡಕ್ಕೆ ತಿರುಗಿದೆ. ಆಕೆಯ ಮುಖ ಅರಳಿತು. ಹೆಸರು ಕಲ್ಲವ್ವ, ವಿಜಯಪುರದ ಕಡೆಯವಳು. ಗಂಡ ಗಾರೆ ಕೆಲಸದ ಗೌಂಡಿ, ತಾನು ಕೆಳಗಿನ ಟವರ್‌ಗಳಲ್ಲಿ ಮನೆಗೆಲಸ ಮಾಡುತ್ತಾಳೆ. ಅಲ್ಲಿರುವ ಮನೆಗಳೆಲ್ಲ ಹೆಚ್ಚುಕಡಿಮೆ ಅವಳ ಊರಿನವರದೇ.

“ಈಗ ಬಂದ್ರ ಎಲ್ಲಿ ಸಿಗತೈತ್ರಿ? ಮುಂಜಾನೆ ಲಗೂನ ಬರ್ರಿ. ಮುಂಜಾನೆ ಅಷ್ಟ ಬೀಳತೈತಿ,” ಎಂದಳು.

“ದಿನಾ?”

“ದಿನಾ ರೀ. ಬ್ಯಾಸಗಿಯೊಳಗೂ.”

ಬೇಸಗೆಯಲ್ಲೂ! ನೀಲಿ ಚುಕ್ಕೆ! ಮುಂಜಾನೆ ಮಾತ್ರ ಏಕೆ ಬೀಳುತ್ತದೆ? ರಾತ್ರಿಯ ತಂಪಿಗೆ ಬಂಡೆಯೊಳಗಿನ ಒರತೆ ತುಂಬಿಕೊಳ್ಳುತ್ತದೆ, ಬೆಳಿಗ್ಗೆ ಉಕ್ಕುತ್ತದೆ. ವಾಪಸ್ ಬರುವಾಗ ಆಟೋದಲ್ಲಿ ಕೂತು ಈ ಸಿದ್ಧಾಂತವನ್ನು ನಾನೇ ಹೊಸೆದೆ. ಶ್ರೀಕಾಂತ್ ತಲೆ ಅಲ್ಲಾಡಿಸಿದರು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ, ನಾನು ಕೇಳಲೂ ಇಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅಲ್ಲಿದ್ದೆವು. ಬಂಡೆ ಇನ್ನೂ ಒಣಗಿತ್ತು. ಅದರ ಬುಡದಲ್ಲಿ ಕೊಡ, ಬಕೆಟ್, ಪೇಂಟಿನ ಡಬ್ಬಿಗಳ ಸಾಲು. ಹೆಂಗಸರು ಹರಟುತ್ತ ನಿಂತಿದ್ದರು. ಕಲ್ಲವ್ವ ಬಂಡೆಗೆ ಅರಿಶಿನ ಕುಂಕುಮ ಹಚ್ಚಿ, ಒಂದು ದಾಸವಾಳ ಇಟ್ಟು ಕೈ ಮುಗಿದಳು. ಗಂಗವ್ವನಿಗೆ ಅಂತೆ. ಪ್ರತಿ ದಿನ ಒಬ್ಬೊಬ್ಬರ ಪಾಳಿ. ಪಾಳಿಯವರು ಮೊದಲ ಕೊಡ ಹಿಡಿಯುತ್ತಾರೆ, ಮತ್ತೆ ಯಾರೂ ಜಗಳ ಆಡುವಂತಿಲ್ಲ.

ಸ್ವಲ್ಪ ಹೊತ್ತಿಗೆ ಮೇಲೆ ಪೊದೆಗಳ ನಡುವೆ ಬುಸ್ ಎಂದು ಸದ್ದಾಯಿತು. ಆಮೇಲೆ ನೀರು ಬಂತು. ನಿಜವಾದ, ಬೆಳ್ಳಗಿನ, ಭೋರೆನ್ನುವ ನೀರು! ನಾನು ಚಿಕ್ಕ ಮಗುವಿನಂತೆ ಕೂಗಿದೆ. ಶ್ರೀಕಾಂತ್‌ರನ್ನು ಬುಡಕ್ಕೆ ನಿಲ್ಲಿಸಿದೆ. ವಿಡಿಯೊ ತೆಗೆದು ಅಲ್ಲಿಂದಲೇ ಗುಂಪಿಗೆ ಹಾಕಿದೆ: ‘ಹನ್ನೆರಡು ತಿಂಗಳ ಜಲಪಾತ ಸಿಕ್ಕಿತು!’

ಶ್ರೀಕಾಂತ್ ಬುಡದಲ್ಲಿ ನಿಂತೇ ಮುಖ ಒರೆಸಿಕೊಂಡರು. ಮೂಗು ಸುಕ್ಕಾಯಿತು. ಇನ್ನೊಂದು ಬೊಗಸೆ ಹಿಡಿದು ಮೂಸಿದರು.

“ಏನಾತು?”

“ಏನಿಲ್ಲ. ಬ್ಲೀಚಿಂಗ್ ಪೌಡರ್ ವಾಸನಿ ಬರ್ಲಿಕತ್ತದ. ಸೇಮ್ ನಮ್ಮ ಬಾತ್‌ರೂಮ್.”

ಪೊದೆ ಹಿಡಿದು ಮೇಲೆ ಹತ್ತಿದೆ. ಕಂಡಿತು. ತುಕ್ಕು ಹಿಡಿದ, ಪಾಲಿಕೆಯ ಹಳೆಯ ದೊಡ್ಡ ನೀರಿನ ಪೈಪು, ಅದರ ಜಾಯಿಂಟ್‌ನಿಂದ ಚಿಮ್ಮುತ್ತಿರುವ ನೀರು. ಎಲ್ಲೋ ಯಾರೋ ವಾಲ್ವ್ ತಿರುಗಿಸಿದಾಗ ನನ್ನ ಜಲಪಾತ ಹುಟ್ಟುತ್ತಿತ್ತು, ಮುಚ್ಚಿದಾಗ ಸಾಯುತ್ತಿತ್ತು. ಮುಂಬೈಯಲ್ಲಿ ಇಷ್ಟು ವರ್ಷ ಬಾಳಿ, ನೀರು ಬರುವ ಟೈಮಿಗೆ ಅಲಾರಂ ಇಟ್ಟು ಏಳುವ ನನಗೆ, ಟೈಮಿಗೆ ಸರಿಯಾಗಿ ಬರುವ ನೀರು ಪೈಪಿನದು ಎಂದು ಹೊಳೆಯಲಿಲ್ಲ. ನೀಲಿ ಚುಕ್ಕೆ ಅಷ್ಟು ಕಣ್ಣು ಕಟ್ಟಿತ್ತು.

ಕೆಳಗಿಳಿದಾಗ ಕಲ್ಲವ್ವ ನನ್ನ ಫೋನನ್ನೇ ನೋಡುತ್ತಿದ್ದಳು. ಅವಳ ಕೊಡ ತುಂಬಿ ಹೊರಚೆಲ್ಲುತ್ತಿತ್ತು. ಎತ್ತಿರಲಿಲ್ಲ.

“ಅಕ್ಕಾರ, ಅದನ್ನ ಎಲ್ಲೂ ಹಾಕಬ್ಯಾಡ್ರಿ. ಹಿಂದ ಒಮ್ಮೆ ಯಾರೋ ಕಂಪ್ಲೇಂಟ್ ಮಾಡಿ ಬಂದ್ ಮಾಡಿಸಿದ್ರು. ಕೆಳಗ ರಸ್ತಾದ ನಲ್ಲಿಯಿಂದ ಹೊತಗೊಂಡು ಬರೂದಾತು. ನಮ್ಮ ಹುಡುಗಿ ಆಗ ಸಾಲಿ ಬಿಟ್ಟು ನೀರ ಹೊತ್ತಾಳ್ರಿ.”

“ಇದು ಪೈಪಿನ ನೀರಲ್ಲವೇ ಕಲ್ಲವ್ವ? ಸೋರಿ ಹೋಗುತ್ತಿದೆ...”

“ನಿಮ್ಮ ಮನಿಗೆ ಹ್ಯಾಂಗ ಬರತೈತ್ರಿ ನೀರ?”

“ಪೈಪಿನಲ್ಲೇ.”

“ಹಂಗಾದ್ರ ನಮಗೂ ಪೈಪಿನಾಗನ ಬರತೈತಿ ನೋಡ್ರಿ,” ಎಂದು ಕೊಡ ಎತ್ತಿ ಸೊಂಟಕ್ಕಿಟ್ಟಳು.

ಮತ್ತೆ ಮಳೆಗಾಲದ ನೀರು? ಅದೂ ಬೀಳುತ್ತದಲ್ಲ, ಧಾರಾಳವಾಗಿ? ಎಂದು ಕೇಳಿದೆ. “ಅದು ರಾಡಿ ರೀ. ಕುಡೀಲಾಕ ಬರಂಗಿಲ್ಲ.” ನಾವು ಛತ್ರಿ ಹಿಡಿದು ಹೋಗಿ ಫೋಟೊ ತೆಗೆದುಕೊಂಡು ಬಂದದ್ದು ಆ ರಾಡಿಯನ್ನು.

ಅಷ್ಟರಲ್ಲಿ ನನ್ನ ಫೋನು ಕುಣಿಯತೊಡಗಿತ್ತು. ಗುಂಪಿನ ತುಂಬ ಚಪ್ಪಾಳೆ. ‘ಹಳದಿ ಮೇಡಂ ನೀಲಿಯಾದರು!’ ಎಂದು ಜೋಶಿ ಸರ್. ಮರುಕ್ಷಣವೇ ಇನ್ನೊಂದು ಮೆಸೇಜ್: ಲೊಕೇಶನ್ ಕಳಿಸಿ, ಮುಂದಿನ ಭಾನುವಾರ ಎಲ್ಲರೂ ಹೋಗೋಣ, ನೀರಿನ ಮೂಲ ಹುಡುಕೋಣ.

ಇಂಜಿನಿಯರು ಮೂಲ ಹುಡುಕಲು ಹೊರಟರೆ ಎಷ್ಟು ಹೊತ್ತು ಬೇಕು? ಮೂಲ ಸಿಕ್ಕ ಮೇಲೆ ಫೋಟೊ ಸಮೇತ ದೂರು ಕೊಡದೆ ಬಿಡುವ ಮನುಷ್ಯರೂ ಅಲ್ಲ. ತಪ್ಪೆಂದು ಹೇಳಲಾರೆ. ಹೆಂಗಸರು ಹಿಡಿಯುವುದಕ್ಕಿಂತ ಚರಂಡಿಗೆ ಹರಿದು ಹೋಗುವ ನೀರೇ ಹೆಚ್ಚು, ಅದನ್ನು ನಾನೂ ನೋಡಿದೆ. ಅಷ್ಟು ಒಳ್ಳೆಯ ನೀರು ಹಾಗೆ ಹೋಗುವುದನ್ನು ಕಂಡು ಸಂಕಟವಾಯಿತು. ಕಲ್ಲವ್ವನ ಮುಖ ಕಂಡು ಅದಕ್ಕಿಂತ ಹೆಚ್ಚು ಸಂಕಟವಾಯಿತು. ಜಾಯಿಂಟ್ ರಿಪೇರಿ ಮಾಡಲು ಜನ ಬಂದೇ ಬರುತ್ತಾರೆ. ಪಕ್ಕದಲ್ಲಿ ಒಂದು ನಲ್ಲಿ ಹಾಕಿಕೊಡಲು ಯಾರು ಬರುತ್ತಾರೆ?

ವಿಡಿಯೊ ಅಳಿಸಿದೆ. ಸುಳ್ಳು ಬರೆದೆ: ‘ಕ್ಷಮಿಸಿ, ಅದು ಜುಲೈ ವಿಡಿಯೊ. ತಪ್ಪಿ ಹಾಕಿಬಿಟ್ಟೆ. ಇವತ್ತು ಪೂರ್ತಿ ಒಣಗಿದೆ.’

ಗುಂಪು ತಣ್ಣಗಾಯಿತು. ಸಂಜೆ ಜೋಶಿ ಸರ್ ಫೋನ್ ಮಾಡಿದರು. ಜೋರು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. “ಮ್ಯಾಪ್ ನಂಬಿಕೆಯ ಮೇಲೆ ನಿಂತಿದೆ, ಮೇಡಂ,” ಎಂದಷ್ಟೇ ಹೇಳಿದರು. ನಾನು ಹಾಕಿದ ಚುಕ್ಕೆಗಳ ಪಕ್ಕದಲ್ಲೆಲ್ಲ ಈಗ ಪ್ರಶ್ನಾರ್ಥಕ ಚಿಹ್ನೆ ಇದೆ. ಬೇರೆ ಯಾರಾದರೂ ಹೋಗಿ ನೋಡಿ ಬರುವವರೆಗೆ ಅದು ಹೋಗುವುದಿಲ್ಲ. ಕೆಸರಲ್ಲಿ ಜಾರಿ, ಜಿಗಣೆ ಕಚ್ಚಿಸಿಕೊಂಡು ಹಾಕಿದ ಚುಕ್ಕೆಗಳು.

“ಪೈಪಿನ ಸಲುವಾಗಿ ಹೆಸರು ಕೆಡಿಸ್ಕೊಂಡಿ,” ಎಂದರು ಶ್ರೀಕಾಂತ್. ಬೈದರೋ ಹೊಗಳಿದರೋ ಹೇಳುವುದು ಕಷ್ಟ. ಆದರೆ ಚಹಾ ಮಾಡಿಕೊಟ್ಟರು.

ಇಲ್ಲಿಗೆ ಮುಗಿದಿದ್ದರೆ ಈ ಅಂಕಣವನ್ನು ನನ್ನ ತ್ಯಾಗದ ಕಥೆ ಮಾಡಿ, ನಿಮ್ಮಿಂದ ಶಹಬ್ಬಾಸ್ ಅನ್ನಿಸಿಕೊಂಡು ಕೂರಬಹುದಿತ್ತು. ಮುಗಿಯಲಿಲ್ಲ.

ಕಳೆದ ವಾರದಿಂದ ನಮ್ಮ ಬಿಲ್ಡಿಂಗಿನಲ್ಲಿ ನೀರು ಕಡಿಮೆ. ಮೇಲಿನ ಮಹಡಿಗೆ ಹತ್ತುವುದೇ ಇಲ್ಲ. ಮೂರನೇ ಮಹಡಿಯ ಅಜ್ಜಿಯೊಬ್ಬರು ಬಕೆಟ್ ಹಿಡಿದು ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುವುದನ್ನು ದಿನಾ ನೋಡುತ್ತೇನೆ. ನಾವೂ ಪಾತ್ರೆ ತೊಳೆದ ನೀರನ್ನು ಕಕ್ಕಸಿಗೆ ಹಾಕುತ್ತಿದ್ದೇವೆ. ನಿನ್ನೆ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ಪಾಲಿಕೆಗೆ ಕೊಡಲು ಒಂದು ಅರ್ಜಿ ತಯಾರಿಸಿದ್ದಾರೆ: ಗುಡ್ಡಗಳ ಮೇಲೆ ಹಾದುಹೋಗುವ ಹಳೆಯ ಪೈಪುಗಳನ್ನೆಲ್ಲ ತಪಾಸಣೆ ಮಾಡಿ, ಸೋರಿಕೆಗಳನ್ನು ತಕ್ಷಣ ಮುಚ್ಚಬೇಕು. ಒಂದಕ್ಷರ ತಪ್ಪಿಲ್ಲದ, ನ್ಯಾಯವಾದ ಅರ್ಜಿ. ಇಂದು ಬೆಳಿಗ್ಗೆ ಬಾಗಿಲು ತಟ್ಟಿ ನನ್ನ ಕೈಗೆ ಪೆನ್ನು ಕೊಟ್ಟರು. ಉಳಿದ ಮನೆಗಳವರೆಲ್ಲ ಸಹಿ ಹಾಕಿ ಆಗಿತ್ತು.

“ಸಂಜೆ ಕೊಡುತ್ತೇನೆ,” ಎಂದೆ. ಕಾಗದ ಇಲ್ಲೇ ಮೇಜಿನ ಮೇಲಿದೆ. ಸಂಜೆಯಾಗುತ್ತಾ ಬಂದಿದೆ.

ನಿಮ್ಮ ನಲ್ಲಿಯಲ್ಲೂ ನೀರು ನಿಂತಿದ್ದರೆ, ನೀವು ಸಹಿ ಹಾಕುತ್ತಿದ್ದಿರಾ?