ಒಂದೇ ದಿಮ್ಮಿಯ ಅಣಬೆ

ಅಣಬೆ ಎಂದರೆ ಅಕ್ಕನಿಗೆ ಪ್ರಾಣ, ನನಗೆ ಇಷ್ಟವೂ ಹೌದು, ಪ್ರಾಣಸಂಕಟವೂ ಹೌದು. ಗುತ್ತಲಿನಿಂದ ಹೊರಟು ನಾನು ವೈದ್ಯನಾಥಪುರದ ಅವಳ ಮನೆ ಮುಟ್ಟುವ ಹೊತ್ತಿಗೆ, ತೋಪಿನಲ್ಲಿ ಬಿದ್ದು ಕೊಳೆಯುತ್ತಿದ್ದ ಮಾವಿನ ದಿಮ್ಮಿಯಿಂದ ಕುಕ್ಕೆ ತುಂಬ ಅಣಬೆ ಕಿತ್ತು ತಂದು, ಸಾರಿಗೆ ಕಾಯಿ ತುರಿಯುತ್ತ ಕೂತಿದ್ದಳು. ಸಂಜೆ ಭಾವ ಗದ್ದೆಯಿಂದ ಬಂದರೆ ಊಟ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ನನ್ನ ಕೈ ಸುಮ್ಮನಿರುತ್ತದೆಯೇ? ಒಂದೊಂದನ್ನೇ ತಿರುವಿ ನೋಡಿದೆ. ಎಲ್ಲವೂ ಜೇನಿನ ಬಣ್ಣ, ಎಲ್ಲವೂ ಒಂದೇ ಗಾತ್ರ. ಆದರೂ ಕೆಲವುಗಳ ಕಾಂಡ ಯಾಕೋ ಬೇರೆ ಅನ್ನಿಸಿತು.

"ಅಕ್ಕ, ಇದ್ರಲ್ಲಿ ಎರಡು ಜಾತಿ ಇದ್ದಂಗದೆ."

"ಒಂದೇ ದಿಮ್ಮೀಲಿ ಎಲ್ಡು ಜಾತಿ ಉಟ್ತವಾ? ಓದಿ ಓದಿ ನಿಂಗೆ ತಲೆ ಕೆಟ್ಟದೆ ಕಣೆ. ಅರಿಸ್ನದ ನೀರ್ನಲ್ಲಿ ತೊಳುದ್ರೆ ಇಸ ಇದ್ರೂ ಓಯ್ತದೆ, ಬುಡು."

ನಾನು ಬಿಡಲಿಲ್ಲ. ಎರಡೂ ಬಗೆಯಲ್ಲಿ ಅರಳಿದ ಒಂದೊಂದರ ಕೊಡೆ ಕತ್ತರಿಸಿ ಸ್ಟೀಲ್ ತಟ್ಟೆಯ ಮೇಲೆ ಬೋರಲು ಹಾಕಿ ಲೋಟ ಮುಚ್ಚಿದೆ. ಒಳಗಿನ ಪುಡಿ ತಾನಾಗಿಯೇ ಉದುರಬೇಕು. ಪುಡಿಯ ಬಣ್ಣ ಬೇರೆಯಾದರೆ ಜಾತಿಯೂ ಬೇರೆ. ಅದಕ್ಕೆ ಹೊತ್ತು ಹಿಡಿಯುತ್ತದೆ, ಅಕ್ಕನಿಗೋ ಪುರುಸೊತ್ತಿಲ್ಲ. ಒಲೆ ಹಚ್ಚಲು ಹೋದವಳ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡೆ. ಅವಳು ಮುಖ ಊದಿಸಿದಳು. ನಾನು ಹಿತ್ತಲಿಗೆ ಹೋದೆ, ಬಂದೆ, ಲೋಟ ಎತ್ತಿದೆ, ಮುಚ್ಚಿದೆ. ಹಾಗೆ ಎತ್ತಬೇಡಿ ಎಂದು ವಿದ್ಯಾರ್ಥಿಗಳಿಗೆ ಗದರುವವಳೂ ನಾನೇ.

ಬಿಸಿಲು ಜಗುಲಿಯಿಂದ ಇಳಿದ ಮೇಲೆ ಲೋಟ ತೆಗೆದೆ. ಒಂದರ ಕೆಳಗೆ ಅಕ್ಕಿಹಿಟ್ಟಿನಂಥ ಬಿಳಿ. ಇನ್ನೊಂದರ ಕೆಳಗೆ ತುಕ್ಕಿನ ಕಂದು. ಈ ಕಂದು ಪುಡಿಯವುಗಳಲ್ಲಿ ಜೀವ ತೆಗೆಯುವಂಥವೂ ಇವೆ ಎಂದೆ.

ಅಕ್ಕ ತಟ್ಟೆ ನೋಡಿದಳು. ಒಳಗೆ ಹೋಗಿ ಮುಚ್ಚಿಟ್ಟಿದ್ದ ಬಟ್ಟಲೊಂದನ್ನು ತಂದಳು. ಅದೇ ಕುಕ್ಕೆಯಿಂದ ಎಳೆಯ ಮೊಗ್ಗುಗಳನ್ನೇ ಆರಿಸಿ, ನನಗೆ ಇಷ್ಟವೆಂದು ಬೆಳಿಗ್ಗೆಯೇ ಹುರಿದಿಟ್ಟಿದ್ದಳು. ಅರಳದ ಮೊಗ್ಗಿನಲ್ಲಿ ಯಾವುದು ಯಾವ ಜಾತಿಯೆಂದು ಹೇಳಲು ನನ್ನಿಂದಲೂ ಆಗದು.

ಉಪ್ಪು ನೋಡದೆ ಒಲೆಯಿಂದ ಏನನ್ನೂ ಇಳಿಸುವವಳಲ್ಲ ಅವಳು.

"ಉಪ್ಪು ನೋಡಿದ್ಯಾ ಅಕ್ಕ? ಬಾಯಿಗೆ ಹಾಕ್ಕೊಂಡ್ಯಾ? ಹೇಳು!" ಎಂದು ಕಿರುಚಿದೆ.

ಅಕ್ಕ ಬೆದರಿ ನನ್ನನ್ನೇ ನೋಡಿದಳು. "ಇಲ್ಲ ಕಣೆ. ನಿಂಗೇಂತ ಎತ್ತಿಟ್ಟಿದ್ದು. ಎಂಜಲು ಮಾಡ್ತೀನಾ?"

ಬಟ್ಟಲನ್ನು ಅವಳ ಕೈಯಿಂದ ಕಸಿದುಕೊಂಡು, ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.