ಎಡಗೈಗೊಂದು ದ್ವೀಪ

ಐದು ವರ್ಷದ ಹಿಂದೆ ನಾನು ಬೆಟಗೇರಿಯ ನಮ್ಮ ಮನೆಯಲ್ಲೇ ಕೂತು ಒಂದು ಗೇಮ್ ಕಂಪನಿಗೆ ಕಂಟ್ರೋಲ್ ಡಿಸೈನರ್ ಆಗಿ ಕೆಲಸ ಮಾಡುತ್ತಿದ್ದೆ. ಹಳೆಯ ಕಂಪ್ಯೂಟರ್ ಆಟಗಳನ್ನು ಹ್ಯಾಂಡ್‌ಹೆಲ್ಡ್‌ಗೆ, ಅಂದರೆ ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರಕ್ಕೆ ಹೊಂದಿಸುವುದು ನನ್ನ ಪಾಲಿನ ಕೆಲಸ. ಮೌಸಿನಿಂದ ಮಾಡುತ್ತಿದ್ದುದನ್ನೆಲ್ಲ ನಾಲ್ಕಾರು ಗುಂಡಿಗಳಲ್ಲಿ ಮಾಡಿಸಬೇಕು. ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತ ಇಡೀ ದಿನ ಗುಂಡಿ ಒತ್ತುವ ನನ್ನನ್ನು ಕಂಡು ಅವ್ವ, "ಇದೂ ಒಂದು ಕೆಲಸ ಏನವಾ?" ಎಂದು ಕಾಡುತ್ತಿದ್ದಳು.

ಆ ವರ್ಷ ಬಂದದ್ದು ದ್ವೀಪದ ಆಟ. ಹೆಸರು ನೋಡಿದ್ದೇ ಮೈ ಜುಮ್ಮೆಂದಿತು. ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ದಸ್ತಗೀರ್ ಸರ್ ಅವರ ಕಂಪ್ಯೂಟರ್ ಕ್ಲಾಸಿನಲ್ಲಿ ನಾನು ಆಡಿದ ಮೊದಲ ಆಟ ಅದು. ಕಿಟಕಿಗೆ ಹಸಿರು ಪರದೆ, ಹೊರಗೆ ಉರಿಬಿಸಿಲು, ಒಳಗೆ ಸಣ್ಣ ಸ್ಪೀಕರಿನಿಂದ ಅಲೆಗಳ ಸದ್ದು. ಸಮುದ್ರ ಕಂಡಿರದ ನಾನು ಆ ಮರಳಿನಲ್ಲಿ ಹನ್ನೊಂದು ದಿನ ಅಲೆದೆ. ದೀಪಸ್ತಂಭದ ಕೀಲಿ ಸಿಗಲೊಲ್ಲದು. "ಎಲ್ಲೈತಿ, ಗೊತ್ತೇನ್ರಿ ಸರ್?" ಎಂದರೆ, "ನನಗೂ ಸಿಕ್ಕಿಲ್ಲವಾ" ಎನ್ನುತ್ತಿದ್ದರು. ಶುದ್ಧ ಸುಳ್ಳು! ಅಷ್ಟರಲ್ಲಾಗಲೇ ಆಟವನ್ನು ಮೂರು ಸಲ ಮುಗಿಸಿದ್ದರು. ಕೀಲಿ ನನಗೇ ಸಿಕ್ಕಿದ ದಿನ ನಕ್ಕು ಒಪ್ಪಿಕೊಂಡರು.

ಸರ್ ಆ ಹೊತ್ತಿಗೆ ಲಕ್ಷ್ಮೇಶ್ವರದಲ್ಲಿದ್ದರು. ಆಟದ ಸುದ್ದಿ ಹೇಳಲು ಫೋನ್ ಮಾಡಿದರೆ ಎತ್ತಿದವರು ಅವರ ಹೆಂಡತಿ, ನಮಗೆಲ್ಲ ಚಾಚಿ.

"ನಿಮ್ಮ ಸರ್‌ಗ ಲಕ್ವಾ ಹೊಡದು ಬಲಗೈ ಹೋತವಾ. ಮೂರು ತಿಂಗಳಾತು, ಇಂಥಾದ್ದು ಬೇಕು ಅಂತ ಬಾಯಿ ಬಿಟ್ಟಿಲ್ಲ." ಚಾಚಿ ನನ್ನ ಸುದ್ದಿಯನ್ನು ಅವರಿಗೆ ಮುಟ್ಟಿಸಿದರು. ಅತ್ತ ಕಡೆ ಏನೋ ಗೊಣಗಾಟ. ಚಾಚಿಯ ದನಿಯೇ ಬದಲಾಯಿತು. "ಆ ದ್ವೀಪದಾಗ ಇನ್ನೊಮ್ಮೆ ಅಡ್ಡಾಡಬೇಕಂತ."

ಎಡಗೈಯೊಂದರಲ್ಲೇ ಆಡುವಂತೆ ಮಾಡಬೇಕೆಂಬ ಹಟ ನನಗೆ ಹುಟ್ಟಿದ್ದು ಆಗ. ಹೆಬ್ಬೆರಳಿಗೆ ದಿಕ್ಕಿನ ಗುಂಡಿ, ತೋರುಬೆರಳಿಗೆ ಮೇಲಂಚಿನ ಇನ್ನೊಂದು ಗುಂಡಿ, ಅಷ್ಟೇ. ಮೂಲ ಆಟದಲ್ಲಿ ನೋಡು, ತೆಗೆ, ತಳ್ಳು ಎಂಬಂಥ ಒಂಬತ್ತು ಕ್ರಿಯೆಗಳಿದ್ದವು. ನನ್ನ ಏರ್ಪಾಟಿನಲ್ಲಿ ಗುಂಡಿ ಒತ್ತಿದರೆ ಬಾಣದ ಗುರುತು ಒಂದು ಹಾಟ್‌ಸ್ಪಾಟಿನಿಂದ, ಅಂದರೆ ಮುಟ್ಟಬಹುದಾದ ಒಂದು ವಸ್ತುವಿನಿಂದ, ಇನ್ನೊಂದಕ್ಕೆ ತಾನೇ ಜಿಗಿಯುತ್ತಿತ್ತು. ಒತ್ತಿ ಹಿಡಿದರೆ ತಕ್ಕ ಕ್ರಿಯೆ ತಾನೇ ನಡೆಯುತ್ತಿತ್ತು. ಕಂಪನಿಯವರು ಭೇಷ್ ಎಂದರು. ನಾನು ಉಬ್ಬಿಹೋದೆ.

ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋದೆ. ದಿಂಬಿಗೊರಗಿ ಕೂತಿದ್ದ ಸರ್ ಆಸೆಯಿಂದ ಎಡಗೈ ಚಾಚಿದರು. ಒಮ್ಮೆ ಒತ್ತಿದರು, ದೋಣಿ. ಇನ್ನೊಮ್ಮೆ, ಗಂಟೆ. ಮೂರನೇ ಸಲಕ್ಕೆ ಬಾಣ ಮರಳಿನಲ್ಲಿ ಹೂತ ಬಾಟಲಿಯ ಮೇಲೆ ನಿಂತಿತು. ಅವರು ಯಂತ್ರವನ್ನು ತೊಡೆಯ ಮೇಲಿಟ್ಟರು.

"ಬಾಟ್ಲಿ ನಾ ನೋಡೂಕಿಂತ ಮೊದಲ ನಿನ್ನ ಬಾಣ ನೋಡ್ತಲ್ಲ. ಹಿಂಗಾದ್ರ ಕೀಲಿನೂ ತಾನ ಎದ್ದು ಬರ್ತೈತಿ."

"ಸರಳ ಆತಲ್ರಿ ಸರ್?"

"ವಿಮಲಾ, ಕೀಲಿ ಎಲ್ಲಿತ್ತು ಅನ್ನೂದು ಮರ್ತೇ ಹೋಗೈತಿ. ಆದ್ರ ನಿನಗ ಹೇಳಿರಲಿಲ್ಲ ಅನ್ನೂದು ನೆನಪೈತಿ. ಮತ್ತ ನೀ ಯಾಕ ಹೇಳ್ತಿ?"

ನನಗೆ ನಾಚಿಕೆಯಾಯಿತು. ಮರಳುವಾಗ ಬಸ್ಸಿನ ಕಿಟಕಿಯಾಚೆ ಉತ್ತ ಕಪ್ಪು ಹೊಲಗಳು ಅಲೆಅಲೆಯಾಗಿ ಹಿಂದೆ ಸರಿಯುತ್ತಿದ್ದವು. ಅರೆನಿದ್ದೆಯಲ್ಲಿ ಅದೇ ನನಗೆ ಸಮುದ್ರ. ದಡದ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದೆ, ಯಾವ ಅವಸರವೂ ಇರಲಿಲ್ಲ. ಗದಗ ಬಂದು ಎಚ್ಚರವಾದಾಗ ಏನು ಮಾಡಬೇಕೆಂದು ಹೊಳೆದಿತ್ತು.

ಜಿಗಿತವನ್ನು ಕಿತ್ತುಹಾಕಿದೆ. ದಿಕ್ಕಿನ ಗುಂಡಿ ಒತ್ತಿದರೆ ಆಟದ ನಾವಿಕ ನಡೆಯುತ್ತಾನೆ. ಹತ್ತಿರ ಏನಾದರೂ ಇದ್ದರೆ ಕತ್ತನ್ನು ಅತ್ತ ಹೊರಳಿಸುತ್ತಾನೆ. ನಿಲ್ಲುವುದು, ನೋಡುವುದು ಆಡುವವರಿಗೆ ಬಿಟ್ಟದ್ದು. ಆಟ ನಿಧಾನವಾಯಿತೆಂದು ಕಂಪನಿ ತಕರಾರು ತೆಗೆಯಿತು. ಜಗಳವಾಡಿ ಒಪ್ಪಿಸಿದೆ.

ಆಮೇಲೆ ಯಂತ್ರವನ್ನು ಸರ್ ಬಳಿಯೇ ಬಿಟ್ಟು, ಪ್ರತಿ ಭಾನುವಾರ ಮಧ್ಯಾಹ್ನ ಹೋಗಿ ಅವರ ಪಕ್ಕ ಕೂತೆ. ನಾವಿಕ ಕೀಲಿಯ ಮಗ್ಗುಲಲ್ಲೇ ಹಾಯುತ್ತಿದ್ದ, ಕತ್ತು ಹೊರಳಿಸುತ್ತಿದ್ದ. ಸರ್ ಅಲೆ ನೋಡುತ್ತ ಮುಂದೆ ಸಾಗಿಬಿಡುತ್ತಿದ್ದರು. ನನಗೋ ನಾಲಿಗೆ ತುರಿಕೆ. ಐದನೇ ಭಾನುವಾರ ಸೋತು ಕೇಳಿದರು.

"ಎಲ್ಲೈತಿ, ಹೇಳಬಾರದೇನವಾ?"

"ನನಗೂ ಸಿಕ್ಕಿಲ್ರಿ ಸರ್."

ನನ್ನ ಮುಖವನ್ನೇ ನೋಡಿದರು. ಆಮೇಲೆ ಸೊಟ್ಟಗಾದ ಬಾಯಲ್ಲೇ ಎಷ್ಟು ನಕ್ಕರೆಂದರೆ, ಚಾಚಿ ಒಲೆ ಮೇಲಿನ ಚಹಾ ಬಿಟ್ಟು ಓಡಿಬಂದರು.

ಕೈಗೆ ಆಗದ್ದನ್ನು ಸುಲಭ ಮಾಡಿಕೊಡಬೇಕು, ಹುಡುಕುವ ಸುಖಕ್ಕೆ ಮಾತ್ರ ಕೈ ಹಾಕಬಾರದು. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಇದನ್ನೇ.

ಸರ್ ಹಾಗೆ ನಕ್ಕ ವಾರವೇ ಒಂದು ಬೆಳಿಗ್ಗೆ ಫೋನ್ ಬಂತು. ಮೊದಲು ಮಾತಿಲ್ಲ, ಬರೀ ಅಲೆಗಳ ಸದ್ದು. ಹಿಂದೆಯೇ ದೀಪಸ್ತಂಭದ ಬಾಗಿಲು ಕಿರ್ರೆಂದು ತೆರೆದುಕೊಂಡಿತು. "ಸಿಕ್ತವಾ" ಎಂದರು ಸರ್, ಅಳುತ್ತಿದ್ದರು.

ಕೀಲಿ ಎಲ್ಲಿತ್ತೆಂದು ಇಲ್ಲಿ ಬರೆಯಲಾರೆ. ನಿಮ್ಮಲ್ಲೂ ಯಾರಾದರೂ ಆ ಮರಳಿನಲ್ಲಿ ಅಲೆಯುತ್ತಿರಬಹುದು.