ಶಶಕ್ಕ ಹೊಚ್ಚಿದ ಸೆರಗು

ಆಫೀಸಿಗೆ ಬಂದವಳೇ ಶಶಕ್ಕ ಮೊದಲು ಕೇಳುತ್ತಿದ್ದ ಮಾತು ಒಂದೇ: "ಏ ರೂಪಾ, ಅತ್ತಿಯವರು ಇವತ್ತ ಏನಂದ್ರು?" ಅತ್ತಿ ಅಂದರೆ ಮನೆಯ ಅತ್ತೆಯಲ್ಲ, ನಮ್ಮ ಕಂಪ್ಯೂಟರು. ಅವಳ ಸ್ವಂತ ಅತ್ತೆ ಬಂಗಾರದಂಥವರಂತೆ, ಬದುಕಿದ್ದ ತನಕ ಸೊಸೆಗೆ ಒಂದು ಮಾತು ಅಂದವರಲ್ಲವಂತೆ. "ಬೈಸಿಕೊಳ್ಳೋ ಯೋಗ ನನಗ ಬರಲಿಲ್ಲ ನೋಡು. ಆ ಕೊರತಿ ಈ ಡಬ್ಬಿ ತೀರಸಾಕತ್ತೈತಿ" ಎಂದು ಚೀಲವನ್ನು ಮೂಲೆಗೆ ಒಗೆದು ಕುಳಿತುಬಿಡುತ್ತಿದ್ದಳು.

ಸವಣೂರಿನಲ್ಲಿ ಒಂದು ಕಿರಾಣಿ ಅಂಗಡಿಯ ಮೇಲಿನ ಕೋಣೆಯೇ ನಮ್ಮ ಆಫೀಸು. ಯಾರೋ ಮಾಡಿದ ಮೊಬೈಲ್ ಆ್ಯಪ್‌ಗಳನ್ನು ಜನರ ಕೈಗೆ ಹೋಗುವ ಮೊದಲು ಪರೀಕ್ಷೆ ಮಾಡುವುದು ನಮ್ಮ ಕೆಲಸ. ಎಲ್ಲ ಸರಿಯಿದ್ದಾಗ ತೆಗೆದಿಟ್ಟ ಪರದೆಯ ಚಿತ್ರ ಒಂದು, ಇವತ್ತಿನದು ಇನ್ನೊಂದು. ಎರಡನ್ನೂ ಕಂಪ್ಯೂಟರು ಚುಕ್ಕಿ ಚುಕ್ಕಿ, ಅಂದರೆ ಪಿಕ್ಸೆಲ್ ಪಿಕ್ಸೆಲ್ ಹೋಲಿಸಿ, ಬೇರೆಯಾದಲ್ಲೆಲ್ಲ ಕೆಂಪು ಬಳಿಯುತ್ತದೆ. ಬಟನ್ ಒಂದು ಕೂದಲೆಳೆಯಷ್ಟು ಸರಿದರೂ ಕೆಂಪು. ಅದು ನಿಜವಾದ ತಪ್ಪೋ ಬರೀ ರಗಳೆಯೋ ಎಂದು ಹೇಳಬೇಕಾದವಳು ಶಶಕ್ಕ. ಎಡಗಣ್ಣು ಮುಚ್ಚಿ, ಮೂಗು ಪರದೆಗೆ ತಾಗುವಷ್ಟು ಬಾಗಿ ನೋಡಿ, "ಏನಿಲ್ಲ ಬಿಡು, ಅತ್ತಿಗೆ ನಿದ್ದಿ ಸಾಲಿಲ್ಲ" ಅನ್ನುತ್ತಿದ್ದಳು.

ಸರಿದದ್ದನ್ನು ಹುಡುಕುವ ಈ ಚಟ ಆಫೀಸಿಗಷ್ಟೇ ಇದ್ದಿದ್ದರೆ ಚೆನ್ನಾಗಿತ್ತು! ನಮ್ಮ ಅಕ್ಕನ ಮದುವೆಯಲ್ಲಿ ಫೋಟೋ ತೆಗೆಯುವ ಹೊತ್ತಿಗೆ ಸರಸರ ವೇದಿಕೆ ಹತ್ತಿ, ಮದುಮಗನ ಬಾಸಿಂಗವನ್ನು ಒಂದು ಬೆರಳು ಎಡಕ್ಕೆ ಸರಿಸಿ ಇಳಿದು ಬಂದಳು. ಬೀಗರು ಬಾಯಿ ಬಿಟ್ಟು ನೋಡುತ್ತಿದ್ದರೆ, "ತಪ್ಪ ತಿಳೀಬ್ಯಾಡ್ರಿ, ಹೊಟ್ಟಿಪಾಡಿನ ರೋಗ ಇದು" ಎಂದು ಕೈಮುಗಿದಳು. ನನಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು.

ಪರದೆಯಲ್ಲಿ ದಿನಾ ಬದಲಾಗುವ ಜಾಗಗಳೂ ಇರುತ್ತವೆ, ಗಡಿಯಾರ, ತಾರೀಖು ಇಂಥವು. ಅಲ್ಲಿ ದಿನಾ ಕೆಂಪು ಬಂದೇ ಬರುತ್ತದೆ. ಅದಕ್ಕೆ ಆ ಜಾಗದ ಮೇಲೆ ಒಂದು ಕಪ್ಪು ಚೌಕ ಮುಚ್ಚಿದರೆ ಕಂಪ್ಯೂಟರು ಅದನ್ನು ನೋಡದೆ ಮುಂದೆ ಹೋಗುತ್ತದೆ. ಆ ಚೌಕಕ್ಕೆ ಶಶಕ್ಕ ಇಟ್ಟ ಹೆಸರು ಸೆರಗು. "ಗಡಿಯಾರಕ್ಕ ಸೆರಗು ಹೊಚ್ಚಿದೇನ? ಹೊಚ್ಚು, ಅತ್ತಿ ಬಾಯಿ ಮುಚ್ಚತೈತಿ." ಬೆಂಗಳೂರಿನ ಆ್ಯಪಿನವರೂ ಫೋನಿನಲ್ಲಿ ಸೆರಗು ಸೆರಗು ಅನ್ನತೊಡಗಿದ್ದರು.

ಆಮೇಲೆ ದವಾಖಾನೆಗೆ ಪಾಳಿ ಹಚ್ಚುವ, ಅಂದರೆ ಡಾಕ್ಟರ ಭೇಟಿಗೆ ಮೊದಲೇ ಹೊತ್ತು ಗೊತ್ತು ಮಾಡುವ ಆ್ಯಪು ಬಂತು. ಡಾಕ್ಟರು ನೋಡುವ ಹೊತ್ತು ಅದರಲ್ಲಿ ದಿನಕ್ಕೊಂದು. ಶಶಕ್ಕನೇ ಆ ಹೊತ್ತು ತೋರಿಸುವ ಇಡೀ ಸಾಲಿಗೆ ಧಾರಾಳವಾಗಿ ಸೆರಗು ಹೊಚ್ಚಿದಳು. ಕೆಂಪು ಮಾಯವಾಯಿತು. ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಜನ ಮನೆಯಲ್ಲೇ ಕುಳಿತು ಪಾಳಿ ಹಚ್ಚತೊಡಗಿದರು. ನಮ್ಮ ಸಾಹೇಬರು ಚಹಾದ ಜೊತೆ ಖಾರಾ ತರಿಸಿದರು.

ಒಂದು ದಿನ ಶಶಕ್ಕ ನಗುತ್ತಲೇ ಒಳಗೆ ಬಂದಳು. "ನಮ್ಮ ಮಾವಾರು ಕಣ್ಣು ತೋರಸಾಕ ನಿನ್ನೆ ಮುಂಜಾನೆ ಏಳಕ್ಕ ದವಾಖಾನ್ಯಾಗ ಹಾಜರ್! ಪಾಳಿ ಇದ್ದದ್ದು ಸಂಜಿ ಏಳಕ್ಕ. ತಿರುಗಿ ನಮ್ಮೂರು ಹತ್ತಿಮತ್ತೂರಿಗೆ ಯಾರು ಹೊಕ್ಕಾರ ಅಂತ ದಿನಪೂರ್ತಿ ಅಲ್ಲೇ ಕುಂತು, ಬಾಜೂಕ ಕುಂತೋರ ಸಂಸಾರದ ಕಥಿ ಎಲ್ಲಾ ಕೇಳ್ಕೊಂಡ ಬಂದಾರ. ಅವರೂ ಮುಂಜಾನಿಂದನ ಕುಂತಿದ್ರಂತ..." ಅಷ್ಟಕ್ಕೇ ಅವಳ ನಗು ನಿಂತಿತು. ಓಡಿ ಹೋಗಿ ಸೆರಗು ತೆಗೆದಳು. ಅಕ್ಷರ ದೊಡ್ಡದಾಗಿ 'ಸಂಜೆ' ಅನ್ನುವ ಪದ ಪರದೆಯ ಎಡ ಅಂಚಿಗೆ ಸಿಕ್ಕಿ ಕತ್ತರಿಸಿ ಹೋಗಿತ್ತು. ಬರೀ ಏಳು ಗಂಟೆ ಅಂತಿತ್ತು.

ಸಾಹೇಬರು ಎದ್ದು ಬಾಗಿಲು ಮುಂದೆ ಮಾಡಿದರು. "ಶಶಿಕಲಾ, ಈ ತಪ್ಪು ಇವತ್ತ ಸಿಕ್ತು ಅನ್ರಿ, ಮುಗೀತು. ನಾವ ಮುಚ್ಚಿದ್ವಿ ಅಂತ ಗೊತ್ತಾದ್ರ ನಿಮ್ಮ ಕೆಲಸ ಉಳಿಯೂದಿಲ್ಲ."

"ಇವತ್ತ ಸಿಕ್ತು ಅಂದ್ರ ಇವತ್ತಿಂದಷ್ಟ ಸರಿ ಮಾಡ್ತಾರ್ರಿ. ಆಗಲೇ ಪಾಳಿ ಹಚ್ಚಿ ಕುಂತೋರಿಗೆ ಯಾರು ಹೇಳಬೇಕು?" ಎಂದವಳೇ ಶಶಕ್ಕ ಆ್ಯಪಿನವರಿಗೆ ಫೋನು ಹಚ್ಚಿದಳು. "ಸೆರಗು ಹೊಚ್ಚಿದಾಕಿ ನಾನರಿ. ಭಾಳ ದಿನದಿಂದ ಹಿಂಗೈತಿ. ಪಾಳಿ ಹಚ್ಚಿದೋರಿಗೆಲ್ಲ ಈಗಿಂದೀಗ ಮೆಸೇಜ್ ಹಾಕ್ರಿ." ಒಂದು ಮಾತೂ ನುಂಗಲಿಲ್ಲ.

ಎಲ್ಲರಿಗೂ ಮೆಸೇಜು ಹೋಯಿತು. ಸ್ವಲ್ಪ ದಿನಕ್ಕೆ ಆ್ಯಪಿನವರ ತೀರ್ಮಾನವೂ ಬಂತು: ಕೆಲಸ ಸವಣೂರಿನಲ್ಲೇ ಇರಲಿ, ಶಶಿಕಲಾ ಬೇಡ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿದರು, ಅದಕ್ಕೆ ಅತ್ತೂಬಿಟ್ಟೆ.

ಕೊನೆಯ ದಿನ ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಹೋದೆ. "ಅಕ್ಕಾ, ಸುಮ್ನ ಇದ್ದಿದ್ರ ಯಾರಿಗೆ ಗೊತ್ತಾಗ್ತಿತ್ತರಿ?" ಅಂದೆ. ಹತ್ತಿಮತ್ತೂರಿನ ಬಸ್ಸು ಬಂದು ನಿಂತಿತ್ತು. ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದಳು.

"ಮಾವಾರ ಬಾಜೂಕ ಕುಂತಾಕಿ ಹಿರೇಕೆರೂರಿನಾಕಿ ಅಂತ. ಕೂಸು ಕಟಗೊಂಡು, ಬಸ್ ಬದಲಿಸಿ ಬಂದಿದ್ಲಂತ, ಮಧ್ಯಾಹ್ನಕ್ಕ ಊರು ಸೇರ್ತೇನಿ ಅಂತ ಬುತ್ತಿ ಸೈತ ತಂದಿದ್ದಿಲ್ಲಂತ. ಮಾವಾರು ತಮ್ಮದರಾಗ ಅರ್ಧಾ ರೊಟ್ಟಿ ಕೊಟ್ಟಾರ. ಉಳಿದ ದಿನ ಬಂದೋರಿಗೆ ಯಾರು ಕೊಟ್ರೋ, ರೂಪಾ."